ಶಾಲೆ ಬಸ್ಸಿನ ವಿಚಾರ ಕೇಳಿದ್ದಿರಲ್ಲ ಅಣ್ಣ, ನಮ್ಮ ಅನುಭವ ಬರೆಯುತ್ತಿದ್ದೇನೆ

ಅಣ್ಣ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಜೂನ್‌ನಿಂದ ನಿಮ್ಮ ಮಗ ಎಂಟನೇ ಕ್ಲಾಸಿಗೆ ಹೋಬಳಿಯ ಸರ್ಕಾರಿ ಹೈಸ್ಕೂಲಿಗೆ ಹೋಗಬೇಕು, ಮಗಳು ಒಂದನೇ ಕ್ಲಾಸಿಗೆ ನಾಗಮಂಗಲದ ಖಾಸಗಿ ಶಾಲೆಗೆ. ಡೇರಿಗೆ ಹಾಲು ಹಾಕುವ ಹೊತ್ತಿಗೇ ಇಬ್ಬರನ್ನೂ ಹೊರಡಿಸಬೇಕು, ರೂಟ್ ಬಸ್ಸಾ, ಶಾಲೆ ವ್ಯಾನಾ ಎಂದು ಕೇಳಿದ್ದೀರಿ. ಕಬ್ಬು ಬೆಳೆಯುವ, ಹಸು ಸಾಕುವವರ ಈ ಗುಂಪಿನಲ್ಲಿ ಇದೇಕೆ ಎಂದು ಯಾರೋ ಬರೆದಿದ್ದರು. ನಮ್ಮಂಥವರ ಬೆಳಿಗ್ಗೆ ನಿಂತಿರುವುದೇ ಹಾಲಿನ ಟೈಮು, ಬಸ್ಸಿನ ಟೈಮಿನ ಮೇಲೆ. ಇಲ್ಲಿ ಕೇಳದೆ ಇನ್ನೆಲ್ಲಿ ಕೇಳೋದು?

ನಮ್ಮದು ಪಾಂಡವಪುರ ತಾಲೂಕು. ನಮ್ಮ ಮನೆಯಲ್ಲೂ ಹೀಗೆಯೇ, ಮಗ ಸರ್ಕಾರಿ ಬಸ್ಸು, ಮಗಳು ಶಾಲೆ ವ್ಯಾನು.

ಮೊದಲು ಮಗನದು. ಕೆಎಸ್‌ಆರ್‌ಟಿಸಿ ಪಾಸಿಗೆ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಶಾಲೆ ಶುರುವಾದ ವಾರದಲ್ಲೇ ಮುಗಿಸಿ, ಆಮೇಲೆ ರಶ್ಶು ಜಾಸ್ತಿ. ಪಾಸಿನಲ್ಲಿ ಬರೆದಿರುವ ದಾರಿಗೆ ಮಾತ್ರ ಅದು ನಡೆಯುತ್ತದೆ. ಹಾಗಾಗಿ ಎಲ್ಲಿ ಹತ್ತುತ್ತಾನೆ, ಎಲ್ಲಿ ಇಳಿಯುತ್ತಾನೆ ಎನ್ನುವುದನ್ನು ಸರಿಯಾಗಿ ಬರೆಸಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಿಮ್ಮ ಕಡೆ ಪ್ರೈವೇಟ್ ಬಸ್ಸುಗಳೂ ಓಡುತ್ತವಲ್ಲ, ಅವುಗಳಲ್ಲಿ ಪಾಸೂ ಇಲ್ಲ, ಶಕ್ತಿಯೂ ಇಲ್ಲ.

ಪಾಸು ದೊಡ್ಡ ಕಷ್ಟವಲ್ಲ ಅಣ್ಣ. ಕಷ್ಟ ಇರುವುದು ಬಸ್ಸಿನ ಟೈಮಿನಲ್ಲಿ. ರಾತ್ರಿ ನಮ್ಮೂರಲ್ಲೇ ತಂಗುವ ಹಾಲ್ಟ್ ಬಸ್ಸು ಬೆಳಿಗ್ಗೆ ಆರೂವರೆಗೇ ಹೊರಟುಹೋಗುತ್ತಿತ್ತು. ಮುಂದಿನದು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಒಂದು ವರ್ಷ ಹೋದಾಗಲೆಲ್ಲ ಡಿಪೋದಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದೆವು. ಏನೂ ಆಗಲಿಲ್ಲ. ಕೊನೆಗೆ ಒಬ್ಬ ಕಂಡಕ್ಟರೇ ಬಿಡಿಸಿ ಹೇಳಿದರು: ಪಾಸಿನ ಮಕ್ಕಳು ಎಷ್ಟೇ ತುಂಬಿದ್ದರೂ ಕಲೆಕ್ಷನ್ ಕಮ್ಮಿ ಕಾಣುತ್ತದೆ, ಮೇಲಿನವರ ಕಣ್ಣಿಗೆ ಅದು ಖಾಲಿ ಬಸ್ಸು, ನೀವು ಮಕ್ಕಳ ಲೆಕ್ಕ ಕೊಡಿ ಎಂದು. ಆಗ ನಾಲ್ಕು ಊರಿನವರು ಸೇರಿ ಪಟ್ಟಿ ಮಾಡಿದೆವು. ಯಾವ ಸ್ಟಾಪಿನಲ್ಲಿ ಎಷ್ಟು ಮಕ್ಕಳು, ಯಾವ ಕ್ಲಾಸು, ಶಾಲೆ ಎಷ್ಟಕ್ಕೆ ಶುರು, ಎಷ್ಟಕ್ಕೆ ಬಿಡುತ್ತಾರೆ. ಹೆಡ್ ಮೇಷ್ಟ್ರು ಸಹಿ, ಸೀಲು ಹಾಕಿಕೊಟ್ಟರು. ಪಂಚಾಯಿತಿಯಲ್ಲಿ ಒಂದು ನಿರ್ಣಯ ಮಾಡಿಸಿದೆವು. ಅರ್ಜಿ ಡಿಪೋ ಮ್ಯಾನೇಜರ್‌ಗೆ, ಒಂದು ಪ್ರತಿ ಮಂಡ್ಯದಲ್ಲಿ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಕೊಟ್ಟದ್ದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ಹೊಸ ಬಸ್ಸೇನೂ ಬರಲಿಲ್ಲ. ಇದ್ದ ಟ್ರಿಪ್ಪನ್ನೇ ಹಿಂದೆಮುಂದೆ ಮಾಡಿ ಶಾಲೆ ಟೈಮಿಗೆ ಹೊಂದಿಸಿದರು. ಅಷ್ಟೇ ಸಾಕಾಯಿತು. ತೋಟದ ಮನೆಯ ಮಕ್ಕಳು ಜಾಸ್ತಿ ಇದ್ದರೆ ಅದೇ ಅರ್ಜಿಯಲ್ಲಿ ಕೋರಿಕೆ ನಿಲುಗಡೆಯನ್ನೂ (ಕೇಳಿದರೆ ಬಸ್ಸು ನಿಲ್ಲಿಸುವ ಜಾಗ) ಕೇಳಿ. ನಿಮ್ಮೂರಿನ ಹೆಣ್ಣುಮಕ್ಕಳಿಗೂ ಹೇಳಿ, ದುಡ್ಡಿಲ್ಲ ಎಂದು ಟಿಕೆಟ್ ಪಡೆಯದೆ ಕೂರುವುದು ಬೇಡ. ಆ ಶೂನ್ಯ ಟಿಕೆಟ್ಟೇ ಬಸ್ಸಿನಲ್ಲಿ ಜನ ಇದ್ದಾರೆ ಅನ್ನುವುದಕ್ಕೆ ಲೆಕ್ಕ.

ಇನ್ನೊಂದು ವಿಷಯ ವಿಚಾರಿಸಿ. ಒಂದರಿಂದ ಐದನೇ ಕ್ಲಾಸಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇಲ್ಲದ ಊರಿನ ಮಕ್ಕಳಿಗೆ ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಡಿ ಸಾರಿಗೆ ಭತ್ಯೆಗೆ ಅವಕಾಶ ಇದೆ, ವರ್ಷಕ್ಕೆ 6,000 ರೂಪಾಯಿವರೆಗೆ. ಅದು ಸರ್ಕಾರಿ ಶಾಲೆಯ ಮಕ್ಕಳಿಗೆ. ನಿಮ್ಮ ಮಗನಿಗೆ ಸಿಗುತ್ತದಾ ಎಂದು ನಿಮ್ಮ ಕಡೆಯ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿ ನೋಡಿ.

ಈಗ ಮಗಳ ವ್ಯಾನು. ಫೀಸು ಎಷ್ಟು ಎಂದು ಆಮೇಲೆ ಕೇಳಿ. ಮೊದಲು ಗಾಡಿ ನೋಡಿ. ನಂಬರ್ ಪ್ಲೇಟ್ ಹಳದಿ ಇರಬೇಕು. ವೈಟ್ ಬೋರ್ಡ್ ಓಮ್ನಿಯಲ್ಲಿ ಬಾಡಿಗೆಗೆ ಮಕ್ಕಳನ್ನು ತುಂಬಿಕೊಂಡು ಹೋಗುವುದು ನಮ್ಮ ಕಡೆ ಮಾಮೂಲಿ. ಅದು ಕಾನೂನಿಗೆ ವಿರುದ್ಧ, ಏನಾದರೂ ಆದರೆ ಇನ್ಶೂರೆನ್ಸಿನವರು ತಕರಾರು ತೆಗೆಯುತ್ತಾರೆ. ಸಾವಿರ ರೂಪಾಯಿ ಕಮ್ಮಿ ಎಂದು ದಯವಿಟ್ಟು ಹತ್ತಿಸಬೇಡಿ. ನಂಬರನ್ನು ಎಂಪರಿವಾಹನ್ ಆ್ಯಪಿಗೆ ಹಾಕಿದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎನ್ನುವ ಸರ್ಟಿಫಿಕೇಟು), ಇನ್ಶೂರೆನ್ಸ್ ಯಾವತ್ತಿನವರೆಗೆ ಇದೆ ಎಂದು ಅಲ್ಲೇ ಕಾಣುತ್ತದೆ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು. ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆ ಡಬ್ಬ, ಬೆಂಕಿ ಆರಿಸುವ ಸಿಲಿಂಡರು, ಹೊರಗೆ ಶಾಲೆಯ ಹೆಸರು, ಫೋನ್ ನಂಬರು, ಒಳಗೆ ಡ್ರೈವರ್ ಅಲ್ಲದೆ ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರು. ಇವೆಲ್ಲ 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು. ಕೇಳಿದರೆ ಶಾಲೆಯವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಸುಮ್ನೆ ಇರಬೇಡಿ.

ಆ ಇನ್ನೊಬ್ಬರ ವಿಷಯದಲ್ಲಿ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ವ್ಯಾನಿನ ಆಯಾ ರಜೆ ಹಾಕಿದ್ದರು. ನಾನು ಹಾಲಿನ ಕ್ಯಾನು ಹಿಡಿದು ರಸ್ತೆಯ ಈ ಕಡೆ ನಿಂತಿದ್ದೆ. ವ್ಯಾನು ಆ ಕಡೆ ನಿಂತಿತು. ಇವಳು ನನ್ನನ್ನು ಕಂಡದ್ದೇ ತಡ, ಇಳಿದು ಗಾಡಿಯ ಹಿಂದಿನಿಂದ ಓಡಿ ಬಂದಳು. ಅದೇ ಹೊತ್ತಿಗೆ ಕಬ್ಬು ತುಂಬಿದ ಡಬಲ್ ಟ್ರೇಲರ್ ಟ್ರ್ಯಾಕ್ಟರು. ಹೊರಗೆ ಚಾಚಿದ್ದ ಕಬ್ಬಿನ ಸೋಗೆ ಅವಳ ಬ್ಯಾಗಿಗೆ ತಾಕಿ ಬ್ಯಾಗಿನ ಪಟ್ಟಿ ಕಿತ್ತುಹೋಯಿತು. ಮಗುವಿಗೆ ಏನೂ ಆಗಲಿಲ್ಲ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಮಾರನೇ ದಿನ ಆರು ಮನೆಯವರು ಶಾಲೆಗೆ ಹೋದೆವು. ಮನೆ ಕಡೆಯ ಪಕ್ಕದಲ್ಲೇ ಇಳಿಸಬೇಕು, ಮೊದಲು ಗಾಡಿ ತಿರುಗಿಸಿಕೊಂಡು ಆಮೇಲೆ ಬಾಗಿಲು ತೆಗೆಯಬೇಕು, ಮನೆಯವರ ಕೈಗೇ ಕೊಡಬೇಕು, ಆಯಾ ಬರದ ದಿನ ಬೆಳಿಗ್ಗೆಯೇ ಫೋನ್ ಮಾಡಬೇಕು ಎಂದು ಬರೆಸಿಕೊಂಡು ಬಂದೆವು. ಅವತ್ತಿನಿಂದ ಹಾಗೆಯೇ ನಡೆಯುತ್ತಿದೆ.

ನಿಮ್ಮ ದಾರಿಯಲ್ಲಿ ನಾಲೆ ಏರಿಯ ಮೇಲಿನ ರಸ್ತೆ ಬರುತ್ತದಾ ನೋಡಿ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಅವತ್ತು ಶನಿವಾರ, ಬೆಳಗಿನ ಶಾಲೆ ಮುಗಿಸಿ ಮನೆಗೆ ಬರುತ್ತಿದ್ದ ಮಕ್ಕಳು ಅದರಲ್ಲಿದ್ದರು. ಪಾಂಡವಪುರದವರಿಗೆ ಇನ್ನೂ ಮರೆತಿಲ್ಲ. ವ್ಯಾನಿಗೆ ಬೇರೆ ದಾರಿ ಇದ್ದರೆ, ಎರಡು ಕಿಲೋಮೀಟರ್ ಸುತ್ತಾದರೂ ಅದರಲ್ಲೇ ಬರಲಿ ಎಂದು ಕೇಳಿ.

ಫೀಸಿನ ಬಗ್ಗೆ ಇಷ್ಟೇ: 10 ತಿಂಗಳಿಗಾ 11ಕ್ಕಾ, ನಡುವೆ ಬಿಟ್ಟರೆ ಎಷ್ಟು ವಾಪಸು, ಇದನ್ನು ಕೇಳಿ ರಸೀದಿ ಪಡೆಯಿರಿ.

ಕೊನೆಗೆ ಶನಿವಾರದ ಟೈಮು. ಎಲ್ಲರೂ ಮರೆಯುವುದು ಇದನ್ನೇ. ಬೆಳಗಿನ ಶಾಲೆ ಇದ್ದ ದಿನ ಮಧ್ಯಾಹ್ನ ರೂಟ್ ಬಸ್ಸು ಸಿಗದೆ ಮಕ್ಕಳು ಬಿಸಿಲಲ್ಲಿ ಗಂಟೆಗಟ್ಟಲೆ ಕಾಯುತ್ತವೆ. ಅರ್ಜಿಯಲ್ಲಿ ಶನಿವಾರಕ್ಕೆ ಬೇರೆ ಸಾಲು ಬರೆಯಿರಿ. ನಾವು ಕೊಟ್ಟ ಅರ್ಜಿಯ ಪ್ರತಿ ನನ್ನ ಹತ್ತಿರ ಇದೆ ಅಣ್ಣ, ಸಂಜೆ ಹಾಲು ಹಾಕಿ ಬಂದು ಫೋಟೊ ಹಾಕುತ್ತೇನೆ.