ಗಣಿತ ಕೈಕೊಟ್ಟಿತು, ಈಗ ಮನಃಶಾಸ್ತ್ರಕ್ಕೆ ಹೋಗಲೇ?

ಪ್ರಶ್ನೆ: ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಶಾಲೆಯಲ್ಲಿ ಗಣಿತಕ್ಕೆ ನಾನೇ ಮುಂದು, ಹಾಗಾಗಿ ಹೆಚ್ಚು ಯೋಚಿಸದೆ ಅದನ್ನೇ ಮೇಜರ್ ಮಾಡಿಕೊಂಡೆ. ಕ್ಯಾಲ್ಕುಲಸ್‌ನಲ್ಲಿ ಒಳ್ಳೆ ಮಾರ್ಕ್ಸ್ ಬಂತು. ಈ ಸಲ ರಿಯಲ್ ಅನಾಲಿಸಿಸ್‌ನಲ್ಲಿ ಫೇಲ್. ಮನಃಶಾಸ್ತ್ರಕ್ಕೆ ಬದಲಾಯಿಸೋಣ ಅನ್ನಿಸುತ್ತಿದೆ. ಜನರ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲೂ ಸೋತರೆ? ಹಾಳಾದ ವರ್ಷದ ಸಂಕಟ ಬೇರೆ.

ಉತ್ತರ: ನೀವು ಎಡವಿದ ಜಾಗದಲ್ಲಿ ಬಹಳ ಜನ ಎಡವಿದ್ದಾರೆ. ಕ್ಯಾಲ್ಕುಲಸ್‌ನಲ್ಲಿ ಲೆಕ್ಕ ಬಿಡಿಸಿದರೆ ಉತ್ತರ ಬರುತ್ತದೆ. ಅನಾಲಿಸಿಸ್‌ನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಅದು ಯಾಕೆ ಸರಿ ಎಂದು ಸಾಧಿಸಬೇಕು. ‘ಯಾವ ಎಪ್ಸಿಲಾನ್ ಕೊಟ್ಟರೂ ಅದಕ್ಕೊಂದು ಡೆಲ್ಟಾ ಇದೆ’ (ಎರಡೂ ಪುಟ್ಟ ಸಂಖ್ಯೆಗಳಿಗೆ ಇಟ್ಟ ಹೆಸರು) ಎಂಬ ಒಂದೇ ಸಾಲಿನ ಮುಂದೆ ಇಡೀ ಸಂಜೆ ಕೂರಬೇಕಾಗುತ್ತದೆ. ಹೆಸರು ಎರಡಕ್ಕೂ ಗಣಿತವೇ, ಕೆಲಸ ಬೇರೆ. ಅಮೆರಿಕದ ಸರ್ಕಾರಿ ಶಿಕ್ಷಣ ಅಂಕಿಅಂಶ ಕೇಂದ್ರ 2017ರಲ್ಲಿ ಕೊಟ್ಟ ಲೆಕ್ಕ ನೋಡಿ. ಪದವಿಗೆ ಸೇರಿ ಮೇಜರ್ ಆರಿಸಿಕೊಂಡವರಲ್ಲಿ ಮೂರನೇ ಒಂದು ಪಾಲು ಜನ ಮೂರು ವರ್ಷದೊಳಗೆ ಅದನ್ನು ಬದಲಿಸಿದ್ದರು. ಗಣಿತದಿಂದ ಶುರು ಮಾಡಿದವರಲ್ಲಿ ಶೇ 52ರಷ್ಟು ಜನ!

ಫೇಲಾದ ಮೇಲೆ ಏನು ಮಾಡಿದಿರಿ ಅನ್ನೋದನ್ನು ನೀವು ಬರೆದಿಲ್ಲ. ನನಗೆ ಅದೇ ಮುಖ್ಯ. ರಿಸಲ್ಟ್ ಬಂದ ಮೇಲೆ, ಯಾರೂ ಹೇಳದೆ, ಆ ಪ್ರಶ್ನೆಪತ್ರಿಕೆ ತೆಗೆದು ಇದನ್ನು ಹೇಗೆ ಮಾಡಬೇಕಿತ್ತು ಎಂದು ನೋಡಿದಿರಾ? ನೋಡಿದ್ದರೆ ಗಣಿತ ನಿಮ್ಮನ್ನು ಬಿಟ್ಟಿಲ್ಲ, ಓದುವ ರೀತಿ ಬದಲಾಗಬೇಕು ಅಷ್ಟೆ. ಪುಸ್ತಕ ಮುಟ್ಟಲೂ ಮನಸ್ಸಿಲ್ಲ ಅಂದರೆ ಅದು ಬೇರೆ ಮಾತು. ಆದರೆ ಅವಮಾನ ಹಸಿಯಾಗಿರುವಾಗ ಎಲ್ಲ ಪುಸ್ತಕವೂ ಬೇಡ ಅನ್ನಿಸುತ್ತದೆ. ಒಂದೆರಡು ವಾರ ಬಿಟ್ಟು ಕೇಳಿಕೊಳ್ಳಿ.

ಇನ್ನು ಮನಃಶಾಸ್ತ್ರ. ‘ಚೆನ್ನಾಗಿ ಅರ್ಥವಾಗುತ್ತದೆ’ ಅಂದಿರಲ್ಲ, ಅಲ್ಲೇ ನನಗೆ ಸ್ವಲ್ಪ ಅಳುಕು. ‘ನನಗೆ ಬರುತ್ತದೆ’ ಅಂತಲೇ ಗಣಿತಕ್ಕೂ ಸೇರಿದ್ದು, ಅಲ್ವಾ? ಗೆಳೆಯರ ಕಷ್ಟಸುಖ ಕೇಳುವುದು ಬೇರೆ, ಈ ಓದು ಬೇರೆ. ಇಲ್ಲಿ ಸ್ಟ್ಯಾಟಿಸ್ಟಿಕ್ಸ್, ಪ್ರಯೋಗ, ವರದಿ ಇವೇ ಜಾಸ್ತಿ. ನೂರು ಜನ ತುಂಬಿಕೊಟ್ಟ ಪ್ರಶ್ನಾವಳಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ, ಕೊನೆಗೆ ‘ನಮ್ಮ ಊಹೆಗೆ ಆಧಾರ ಸಿಗಲಿಲ್ಲ’ ಎಂದು ಬರೆಯುವ ದಿನವೂ ಬರುತ್ತದೆ. ಆ ದಿನವನ್ನು ಸಹಿಸಬಲ್ಲಿರಾ? ವಿಷಯ ಆರಿಸುವಾಗ ನಾನಂತೂ ಅದರ ಬೋರು ಹೊಡೆಸುವ ಭಾಗವನ್ನೇ ಮೊದಲು ನೋಡು ಅನ್ನುತ್ತೇನೆ.

ಹಾಗಾಗಿ ಆ ವಿಭಾಗದ ಕೊನೇ ವರ್ಷದ ಪ್ರಶ್ನೆಪತ್ರಿಕೆ ತಂದು ಓದಿ. ಮೊದಲ ವರ್ಷದ್ದು ಬೇಡ, ಅದು ಎಲ್ಲರಿಗೂ ಚೆಂದ ಕಾಣುತ್ತದೆ. ಮೇಷ್ಟ್ರನ್ನು ಕೇಳಿ, ಸ್ಟ್ಯಾಟಿಸ್ಟಿಕ್ಸ್ ಕ್ಲಾಸ್ ಇರುವ ದಿನವೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಆಗುವುದಾದರೆ ಮುಂದಿನ ಸೆಮಿಸ್ಟರ್‌ನಲ್ಲಿ ಒಂದೇ ಒಂದು ಪೇಪರ್ ತಗೊಳ್ಳಿ.

ವರ್ಷ ಹಾಳಾಯಿತು ಅನ್ನಬೇಡಿ. ಆ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಬೇರೆಯವರು ತಡವರಿಸುವಾಗ ನಿಮಗೆ ಹೆದರಿಕೆ ಇರುವುದಿಲ್ಲ. ಚಾರ್ಲ್ಸ್ ಡಾರ್ವಿನ್ 1825ರಲ್ಲಿ ಎಡಿನ್‌ಬರೋಗೆ ಡಾಕ್ಟರ್ ಆಗಲು ಹೋಗಿದ್ದರು. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ. ಮಗುವೊಂದರ ಆಪರೇಷನ್ ನೋಡಲಾಗದೆ ಅಲ್ಲಿಂದ ಎದ್ದು ಓಡಿದರು. ಎರಡು ವರ್ಷಕ್ಕೇ ಆ ಓದು ಮುಗಿಯಿತು. ಆದರೆ ಅದೇ ಊರಲ್ಲಿ ಜಾನ್ ಎಡ್ಮನ್‌ಸ್ಟೋನ್ ಎಂಬವರಿಗೆ ದುಡ್ಡು ಕೊಟ್ಟು, ಸತ್ತ ಹಕ್ಕಿಯ ಚರ್ಮ ಬಿಡಿಸಿ ಕೆಡದಂತೆ ಇಡುವುದನ್ನು ಕಲಿತಿದ್ದರು. 1831ರಲ್ಲಿ ಲೋಕ ಸುತ್ತಲು ಹೊರಟ ಬೀಗಲ್ ಹಡಗು ಹತ್ತಿ, ದಾರಿಯುದ್ದಕ್ಕೂ ಪ್ರಾಣಿ ಪಕ್ಷಿಗಳನ್ನು ಸಂಗ್ರಹಿಸುವಾಗ ಕೈಗೆ ಬಂದದ್ದು ಆ ವಿದ್ಯೆ.

ಕಡೆಯದಾಗಿ ಆಫೀಸಿನ ಕೆಲಸ. ಬದಲಾಯಿಸಲು ಕೊನೇ ದಿನ ಯಾವುದು, ಮುಗಿಸಿದ ಪೇಪರ್‌ಗಳಲ್ಲಿ ಎಷ್ಟು ಕ್ರೆಡಿಟ್ ಜೊತೆಗೆ ಬರುತ್ತದೆ, ಸ್ಕಾಲರ್‌ಶಿಪ್ ಇದ್ದರೆ ಉಳಿಯುತ್ತದಾ, ಫೇಲಾದ ಪೇಪರ್ ಮತ್ತೆ ಕಟ್ಟಬೇಕಾ ಎಂದು ಬರೆದು ಕೊಟ್ಟು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಅದು ಕೈಗೆ ಬರುವ ತನಕ ಗಣಿತದಿಂದ ಹೆಸರು ತೆಗೆಸಬೇಡಿ.