1926ರ ಮನೆಯ ಚಿಮಣಿ: ಲೈನರ್ ಸಾಕೇ, ಒಡೆದು ಕಟ್ಟಿಸಬೇಕೇ?

ನೀವು ಕೇಳಿರುವುದು ಇಷ್ಟು: ನ್ಯೂಜೆರ್ಸಿಯಲ್ಲಿ 1926ರಲ್ಲಿ ಕಟ್ಟಿದ ಮನೆ ಕೊಂಡಿದ್ದೀರಿ. ಒಂದೇ ಇಟ್ಟಿಗೆ ಚಿಮಣಿಯೊಳಗೆ ಎರಡು ಫ್ಲೂ, ಅಂದರೆ ಹೊಗೆ ಮೇಲೇರುವ ದಾರಿ. ಒಂದಕ್ಕೆ ಬೇಸ್‌ಮೆಂಟಿನ ಗ್ಯಾಸ್ ವಾಟರ್ ಹೀಟರ್, ಇನ್ನೊಂದಕ್ಕೆ ಹಾಲ್‌ನ ಫೈರ್‌ಪ್ಲೇಸ್. ಹಿಂದಿನ ಮಾಲೀಕರು ಮನೆ ಬಿಸಿಮಾಡುವ ಫರ್ನೇಸ್ ಬದಲಿಸಿ, ಅದರ ಹೊಗೆಯನ್ನು ಪಿವಿಸಿ ಪೈಪಿನಲ್ಲಿ ಗೋಡೆಯಿಂದಾಚೆ ಬಿಟ್ಟಿದ್ದಾರೆ. ಛಾವಣಿಯ ಮೇಲೆ ಇಟ್ಟಿಗೆಗಳ ಮುಖ ಉದುರುತ್ತಿದೆ, ಒಳಗಿನ ಕ್ಲೇ ಟೈಲು ಬಿರುಕು ಬಿಟ್ಟಿದೆ ಅಂತ ಇನ್‌ಸ್ಪೆಕ್ಷನ್ ವರದಿ. ಮೂವರು ಬಂದು ನೋಡಿ ಮೂರು ಮಾತು ಹೇಳಿದ್ದಾರೆ. ಎರಡಕ್ಕೂ ಸ್ಟೀಲ್ ಲೈನರ್ (ಫ್ಲೂ ಒಳಗೆ ಕೂರುವ ಲೋಹದ ಕೊಳವೆ) ಇಳಿಸಿದರೆ ಸಾಕು ಅನ್ನುತ್ತಾನೆ ಒಬ್ಬ. ಬುಡದಿಂದ ಒಡೆದು ಕಟ್ಟಬೇಕು ಅನ್ನುತ್ತಾನೆ ಇನ್ನೊಬ್ಬ. ಮೂರನೆಯವನು ಮೇಲೆ ಸಿಮೆಂಟ್ ಬಳಿದು ಸೀಲರ್ ಹೊಡೆದುಕೊಡುತ್ತಾನಂತೆ.

ಮೂರನೆಯವನನ್ನು ಈಗಲೇ ಕೈಬಿಡಿ. ಉಳಿದಿಬ್ಬರ ಮಾತೂ ಅರ್ಧ ಸರಿ. ಇದನ್ನು ಒಂದೇ ಕೆಲಸ ಅಂದುಕೊಳ್ಳಬೇಡಿ. ವಾಟರ್ ಹೀಟರಿನ ಫ್ಲೂ ಒಂದು, ಫೈರ್‌ಪ್ಲೇಸಿನ ಫ್ಲೂ ಒಂದು, ಹೊರಗಿನ ಇಟ್ಟಿಗೆ ಇನ್ನೊಂದು. ಮೂರಕ್ಕೂ ಕಾಯಿಲೆ ಬೇರೆ, ಮದ್ದು ಬೇರೆ. ಕೋಟ್ ಬರೆಸುವಾಗಲೂ ಮೂರನ್ನೂ ಬಿಡಿಬಿಡಿಯಾಗಿ ಬರೆಸಿ. ಒಂದೇ ಮೊತ್ತ ಬರೆದುಕೊಟ್ಟರೆ ಯಾವುದು ಬೇಕು, ಯಾವುದು ಬೇಡ ಎಂದು ನಿಮಗೆ ತಿಳಿಯುವುದೇ ಇಲ್ಲ.

ಮೊದಲು ಕ್ಯಾಮೆರಾ ಇಳಿಸಿ ನೋಡಿಸಬೇಕು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 211 ಎಂಬ ಮಾನದಂಡದಲ್ಲಿ ಮೂರು ಹಂತದ ತಪಾಸಣೆ ಇದೆ. ಮನೆ ಕೈಬದಲಾದಾಗ, ಉಪಕರಣ ಬದಲಾದಾಗ, ಚಿಮಣಿಯೊಳಗೆ ಬೆಂಕಿ ಹತ್ತಿದ ಮೇಲೆ ಎರಡನೇ ಹಂತದ್ದು ಮಾಡಿಸಬೇಕು, ಅಂದರೆ ಫ್ಲೂ ಉದ್ದಕ್ಕೂ ವಿಡಿಯೋ. ವಿಡಿಯೋ ನಿಮ್ಮ ಮನೆಯ ಛಾವಣಿಯಿಂದಲೇ ಶುರುವಾಗಿ, ಕ್ಯಾಮೆರಾ ಒಳಗಿಳಿಯುವುದು ಕಾಣುವಂತಿರಲಿ. ಅಗ್ಗದ ದರಕ್ಕೆ ಮಸಿ ತೆಗೆಯುತ್ತೇವೆಂದು ಬಂದು, ಬೇರೆ ಯಾರದೋ ಚಿಮಣಿಯ ಫೋಟೋ ತೋರಿಸಿ ಹೆದರಿಸುವವರು ಈ ಕಸುಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅವರು ಬರುವ ಮುಂಚೆ ಬೇಸ್‌ಮೆಂಟಿಗೆ ಇಳಿದು, ಚಿಮಣಿಯ ಬುಡದಲ್ಲಿರುವ ಕಬ್ಬಿಣದ ಕ್ಲೀನ್‌ಔಟ್ ಬಾಗಿಲು ತೆಗೆದು ನೋಡಿ. ಒಳಗೆ ಬಿದ್ದಿರುವುದೇ ಅರ್ಧ ಕಥೆ ಹೇಳುತ್ತದೆ. ಹೆಂಚಿನ ಬಣ್ಣದ ತೆಳ್ಳನೆಯ ಚಕ್ಕೆಗಳಿದ್ದರೆ ಒಳಗಿನ ಟೈಲು ಪದರ ಪದರವಾಗಿ ಕಳಚುತ್ತಿದೆ, ಅದು ಗ್ಯಾಸಿನ ಹಬೆ ತಣಿದು ನೀರಾಗುವುದರಿಂದ. ಬರೀ ಮರಳಿದ್ದರೆ ಸಂದಿನ ಗಾರೆ ಉದುರಿದೆ. ಫೈರ್‌ಪ್ಲೇಸಿನ ಕಡೆ ಗಾಜಿನಂತೆ ಹೊಳೆಯುವ ಕಪ್ಪು ಲೇಪ ಕಂಡರೆ ಅದು ಕ್ರಿಯೋಸೋಟ್, ಸೌದೆಯ ಹೊಗೆಯಿಂದ ಕೂಡುವ, ಸುಲಭವಾಗಿ ಹೊತ್ತಿಕೊಳ್ಳುವ ಅಂಟು. ಅದನ್ನು ತೆಗೆಸುವವರೆಗೆ ಒಂದು ಕಡ್ಡಿಯನ್ನೂ ಹಚ್ಚಬೇಡಿ.

ಈಗ ವಾಟರ್ ಹೀಟರ್. ನಿಮ್ಮ ಮನೆಯಲ್ಲಿ ನಿಜವಾದ ಅಪಾಯ ಇರುವುದು ಇಲ್ಲಿ. ಹಳೆಯ ಫರ್ನೇಸ್ ಇದ್ದಷ್ಟು ದಿನ ಅದರ ಬಿಸಿ ಫ್ಲೂವನ್ನು ಬೆಚ್ಚಗಿಟ್ಟಿತ್ತು. ಅದು ಹೋದ ಮೇಲೆ ಪುಟ್ಟ ಹೀಟರ್ ಒಂದೇ ಅಷ್ಟು ದೊಡ್ಡ ಫ್ಲೂಗೆ ಉಳಿದಿದೆ. 1,00,000 ಬಿಟಿಯು (ಬಿಸಿಯ ಅಳತೆ) ನ್ಯಾಚುರಲ್ ಗ್ಯಾಸ್ ಉರಿದರೆ ಸುಮಾರು 4 ಲೀಟರ್ ನೀರು ಆವಿಯಾಗಿ ಮೇಲೇರುತ್ತದೆ. ತಣ್ಣನೆಯ ಟೈಲಿಗೆ ತಾಗಿ ಅದು ಹುಳಿ ನೀರಾಗಿ ಇಳಿಯುತ್ತದೆ, ಟೈಲನ್ನೂ ಗಾರೆಯನ್ನೂ ತಿನ್ನುತ್ತದೆ. ಎಳೆತ ಸಾಲದೆ ಹೊಗೆ ವಾಪಸ್ ಬಂದರೆ ಕಾರ್ಬನ್ ಮಾನಾಕ್ಸೈಡ್ ಬೇಸ್‌ಮೆಂಟಿನಲ್ಲೇ ತುಂಬುತ್ತದೆ. ಲೆಕ್ಕ ಸುಲಭ: ಒಂಟಿ ಗ್ಯಾಸ್ ಉಪಕರಣಕ್ಕೆ ಫ್ಲೂ ವಿಸ್ತೀರ್ಣ ಅದರ ಕಾಲರಿನ (ಹೊಗೆ ಹೊರಬರುವ ಬಾಯಿಯ) ವಿಸ್ತೀರ್ಣದ 7 ಪಟ್ಟು ಮೀರಬಾರದು. ಕಾಲರ್ 3 ಇಂಚಿನದಾದರೆ 7 ಚದರ ಇಂಚು, ಅದರ 7 ಪಟ್ಟು 49. ಆ ಕಾಲದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 8×12 ಟೈಲಿನ ಒಳವಿಸ್ತೀರ್ಣವೇ ಇದನ್ನು ಮೀರುತ್ತದೆ. ಚಿಮಣಿ ಹೊರಗೋಡೆಯಲ್ಲಿದ್ದರೆ ನಿಯಮ ಇನ್ನೂ ಬಿಗಿ.

ಲೈನರ್ ಹಾಕಿಸುವುದಾದರೆ ಹೀಟರಿನ ಬಿಟಿಯು, ಚಿಮಣಿಯ ಎತ್ತರ, ಅಡ್ಡ ಪೈಪಿನ ಉದ್ದ ಈ ಮೂರನ್ನೂ ಕೋಷ್ಟಕದಲ್ಲಿ ನೋಡಿ ಅಳತೆ ಆರಿಸಬೇಕು. 40,000 ಬಿಟಿಯು ಹೀಟರಿಗೆ ಹೆಚ್ಚಾಗಿ 4 ಇಂಚಿಗೆ ಬಂದು ನಿಲ್ಲುತ್ತದೆ. ಇಂಥ ಹೀಟರಿಗೆ ಅಲ್ಯೂಮಿನಿಯಂ ಲೈನರ್ ಹಾಕಲು ಅನುಮತಿ ಇದೆ, ಅಗ್ಗವೂ ಹೌದು. ಆದರೆ ವಾಷಿಂಗ್ ಮೆಷಿನ್, ಬ್ಲೀಚ್ ಬಾಟಲಿ ಅದೇ ಕೋಣೆಯಲ್ಲಿದ್ದರೆ ಕ್ಲೋರಿನ್ ಹಬೆ ಅದನ್ನು ಬೇಗ ತೂತು ಮಾಡುತ್ತದೆ. ಸ್ಟೇನ್‌ಲೆಸ್ ಸ್ಟೀಲೇ ಇರಲಿ. ನನ್ನನ್ನು ಕೇಳಿದರೆ ಅದಕ್ಕೂ ಮೊದಲು ಹೀಟರಿನ ವಯಸ್ಸು ನೋಡಿ. ಹತ್ತು ವರ್ಷ ದಾಟಿದ್ದರೆ ಆ ದುಡ್ಡನ್ನು ಕರೆಂಟಿನಲ್ಲಿ ನಡೆಯುವ, ಹೊಗೆಯೇ ಇಲ್ಲದ ಹೀಟ್ ಪಂಪ್ ವಾಟರ್ ಹೀಟರಿಗೆ ಹಾಕಿ, ಈ ಫ್ಲೂವನ್ನು ಮೇಲೂ ಕೆಳಗೂ ಮುಚ್ಚಿಸಿಬಿಡಿ. ಬಳಸದ ಫ್ಲೂಗೆ ಲೈನರ್ ಯಾಕೆ?

ಫೈರ್‌ಪ್ಲೇಸಿನಲ್ಲಿ ಏನು ಉರಿಸುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ತೆರೆದ ಬೆಂಕಿಯೇ ಬೇಕೆಂದರೆ, ದುಂಡು ಲೈನರಿನ ವಿಸ್ತೀರ್ಣ ಒಲೆಯ ಬಾಯಿಯ ಹನ್ನೆರಡನೇ ಒಂದು ಭಾಗ ಇರಬೇಕು. ಬಾಯಿ 36 ಇಂಚು ಅಗಲ, 30 ಇಂಚು ಎತ್ತರ ಅಂದರೆ 1,080 ಚದರ ಇಂಚು. 12ರಿಂದ ಭಾಗಿಸಿದರೆ 90. ಹತ್ತು ಇಂಚಿನ ಲೈನರ್ 78ಕ್ಕೇ ನಿಲ್ಲುತ್ತದೆ, ಹನ್ನೊಂದು ಇಂಚಿನದೇ ಬೇಕು. 13×13 ಟೈಲಿನ ಒಳಗಿನ ಅಗಲವೇ ಹನ್ನೊಂದು ಕಾಲು ಇಂಚು. ಇನ್ಸುಲೇಷನ್ ಸುತ್ತಿದರೆ ಇಳಿಯುವುದಿಲ್ಲ, ಟೈಲು ಒಡೆದು ತೆಗೆಯಲೇಬೇಕು. ಅದರ ಬದಲು ಸೌದೆ ಉರಿಯುವ ಇನ್ಸರ್ಟ್ ಸ್ಟೌವ್ (ಫೈರ್‌ಪ್ಲೇಸಿನ ಬಾಯೊಳಗೇ ಕೂರುವ ಮುಚ್ಚಿದ ಒಲೆ) ಕೂರಿಸಿದರೆ 6 ಇಂಚಿನ ಲೈನರ್ ಸಾಕು. ಸುತ್ತ ಅರ್ಧ ಇಂಚು ಇನ್ಸುಲೇಷನ್ ಸೇರಿ 7 ಇಂಚು, ಟೈಲು ಒಡೆಯದೆ ಸಲೀಸಾಗಿ ಇಳಿಯುತ್ತದೆ. ಮನೆಯೂ ಬೆಚ್ಚಗಾಗುತ್ತದೆ. ತೆರೆದ ಬೆಂಕಿ ಕಣ್ಣಿಗೆ ಚೆಂದ, ಕೋಣೆಯ ಬಿಸಿಗಾಳಿಯನ್ನೆಲ್ಲ ಅದೇ ಮೇಲೆಳೆದುಕೊಂಡು ಹೋಗುತ್ತದೆ.

ಸೌದೆಗೆ 316 ಟಿಐ ಸ್ಟೇನ್‌ಲೆಸ್, ಮೇಲೆ ಯುಎಲ್ 1777 (ಲೈನರ್‌ಗಳ ಸುರಕ್ಷತಾ ಮಾನದಂಡ) ಗುರುತು. ಇನ್ಸುಲೇಷನ್ ಐಚ್ಛಿಕ ಎಂದು ಬರೆದ ಕೋಟ್ ತಳ್ಳಿಹಾಕಿ. ಇನ್ಸುಲೇಷನ್ ಇಲ್ಲದ ಲೈನರಿಗೆ ಚಿಮಣಿಯ ಹೊರಮೈಗೂ ಮರಕ್ಕೂ ನಡುವೆ ಕೆಳಗಿನಿಂದ ಮೇಲಿನವರೆಗೆ ಕನಿಷ್ಠ 1 ಇಂಚು ಜಾಗ ಇರಬೇಕು. 1926ರ ಮನೆಯಲ್ಲಿ ಮಹಡಿಯ ತೊಲೆಗಳು ಹೆಚ್ಚಾಗಿ ಇಟ್ಟಿಗೆಗೆ ಒರಗಿಕೊಂಡೇ ಇರುತ್ತವೆ, ಅದನ್ನು ಸರಿಪಡಿಸಲು ಗೋಡೆಯನ್ನೇ ಬಿಚ್ಚಬೇಕಾಗುತ್ತದೆ. ಸೆರಾಮಿಕ್ ಫೈಬರ್ ಹೊದಿಕೆ ಸುತ್ತಿ, ಅದರ ಮೇಲೆ ಸ್ಟೀಲ್ ಜಾಲರಿ ಏರಿಸುವುದು ಒಂದು ರೀತಿ. ಲೈನರ್ ಇಳಿಸಿದ ಮೇಲೆ ಸುತ್ತಲಿನ ಸಂದಿಗೆ ವರ್ಮಿಕ್ಯುಲೈಟ್ ಮಿಶ್ರಣ ಸುರಿಯುವುದು ಇನ್ನೊಂದು. ಆದರೆ ಟೈಲಿನ ಸಂದುಗಳು ಬಾಯಿಬಿಟ್ಟಿದ್ದರೆ ಸುರಿದ ಮಿಶ್ರಣ ಪಕ್ಕದ ಫ್ಲೂಗೆ ಸೋರುತ್ತದೆ, ಆದ್ದರಿಂದ ಎರಡು ಫ್ಲೂ ಇರುವ ಚಿಮಣಿಗೆ ಹೊದಿಕೆಯೇ ಸುರಕ್ಷಿತ.

ಇಳಿಸುವಾಗ ಕೆಡುವುದು ಅಟ್ಟದಲ್ಲಿ ಚಿಮಣಿ ಓರೆಯಾಗಿ ತಿರುಗುವ ಕಡೆ. ಹೊದಿಕೆ ಅಲ್ಲಿ ಟೈಲಿನ ಅಂಚಿಗೆ ಸಿಕ್ಕಿ ಹರಿಯುತ್ತದೆ, ಮೇಲಿನವನು ಇನ್ನೂ ಜೋರಾಗಿ ತುಳಿಯುತ್ತಾನೆ, ಲೈನರ್ ನಜ್ಜುಗುಜ್ಜಾಗುತ್ತದೆ. ಸರಿಯಾದ ರೀತಿಯಲ್ಲಿ ತುದಿಗೆ ಶಂಕುವಿನಾಕಾರದ ಮೂತಿ ಕಟ್ಟಿ, ಒಬ್ಬ ಕೆಳಗಿನಿಂದ ಹಗ್ಗ ಎಳೆಯಬೇಕು, ಇನ್ನೊಬ್ಬ ಮೇಲಿನಿಂದ ತಿರುಗಿಸುತ್ತಾ ಬಿಡಬೇಕು. ಲೈನರಿನ ಮೇಲೆ ಬಾಣದ ಗುರುತಿದ್ದರೆ ಅದು ತೋರಿಸಿದ ದಿಕ್ಕಿಗೇ ಇರಬೇಕು. ಇನ್ಸರ್ಟಿನ ಮೇಲೆ, ಚಿಮಣಿಯ ಗಂಟಲಲ್ಲಿ, ತಗಡಿನ ಅಡ್ಡಪಟ್ಟಿ ಹಾಕಿ ಮೇಲೆ ರಾಕ್‌ವೂಲ್ ತುಂಬಿಸಿ. ಇದನ್ನು ಬಿಟ್ಟುಬಿಡುವುದು ಮಾಮೂಲು, ಆಮೇಲೆ ಸ್ಟೌವಿನ ಬಿಸಿಯೆಲ್ಲ ಚಿಮಣಿಯೊಳಗೇ ಹೋಗುತ್ತದೆ.

ಇನ್ನು ಇಟ್ಟಿಗೆ. ಛಾವಣಿಯ ಕೆಳಗಿನ ಭಾಗ ಮನೆಯ ಬಿಸಿಯಲ್ಲಿ ಒಣಗಿರುತ್ತದೆ, ಮೇಲಿನ ನಾಲ್ಕೈದು ಅಡಿ ಮಾತ್ರ ಮಳೆಗೂ ಹಿಮಕ್ಕೂ ನಾಲ್ಕೂ ಕಡೆ ಮೈಯೊಡ್ಡಿ ನಿಂತಿರುತ್ತದೆ. ಹಾಗಾಗಿ ಬುಡದಿಂದ ಒಡೆಯುವ ಪ್ರಸಂಗ ಅಪರೂಪ. ಚಿಮಣಿ ಮನೆಯಿಂದ ವಾಲಿದ್ದರೆ, ಅಡಿಪಾಯ ಕುಸಿದಿದ್ದರೆ ಆ ಮಾತು ಬೇರೆ. ನೀವು ಕಳಿಸಿದ ಫೋಟೋದಲ್ಲಿ ಗಮನಿಸಿ: ಇಟ್ಟಿಗೆಯ ಮುಖ ಒಳಗೆ ಹೋಗಿದೆ, ಸಂದಿನ ಸಿಮೆಂಟ್ ಮಾತ್ರ ಜೇನುಗೂಡಿನ ಗೋಡೆಯ ಹಾಗೆ ಹೊರಗೆ ನಿಂತಿದೆ. ಆ ಕಾಲದ ಮೆದು ಇಟ್ಟಿಗೆಯ ಸಂದಿಗೆ ಯಾರೋ ಗಟ್ಟಿ ಸಿಮೆಂಟ್ ತುಂಬಿದ್ದಾರೆ. ಇಟ್ಟಿಗೆ ಕುಡಿದ ನೀರು ಸುಣ್ಣದ ಗಾರೆಯ ಮೂಲಕ ಆರಿಹೋಗಬೇಕು. ಸಿಮೆಂಟ್ ಆ ದಾರಿ ಕಟ್ಟಿತು, ನೀರು ಇಟ್ಟಿಗೆಯಲ್ಲೇ ಉಳಿದು ಹೆಪ್ಪುಗಟ್ಟಿ ಮುಖವನ್ನು ಸಿಡಿಸಿತು. ಮೂರನೆಯವನು ಮಾಡಹೊರಟಿರುವುದೂ ಇದನ್ನೇ, ಇನ್ನಷ್ಟು ದಪ್ಪವಾಗಿ.

ಮೇಲಿನಿಂದ ಒಂದೊಂದೇ ವರಸೆ ಬಿಚ್ಚುತ್ತಾ ಬಂದು, ಕರಣೆಯ ತುದಿಗೆ ಗಾರೆ ಪುಡಿಯಾಗದ, ತಟ್ಟಿದರೆ ಇಟ್ಟಿಗೆ ಖಣಖಣ ಎನ್ನುವ ವರಸೆಯಲ್ಲಿ ನಿಲ್ಲಿಸಬೇಕು. ಹೆಚ್ಚಾಗಿ ಅದು ಛಾವಣಿಯ ಮಟ್ಟಕ್ಕೆ ಒಂದೆರಡು ವರಸೆ ಕೆಳಗೆ ಸಿಗುತ್ತದೆ. ನಿಮ್ಮದು 24×36 ಇಂಚಿನ ಚಿಮಣಿ ಅಂದುಕೊಂಡರೆ ವರಸೆಗೆ 13 ಇಟ್ಟಿಗೆ, ಎರಡು ಫ್ಲೂಗಳ ನಡುವಿನ ಗೋಡೆಗೆ 2, ಒಟ್ಟು 15. ಅಡಿಗೆ ನಾಲ್ಕೂವರೆ ವರಸೆ. 5 ಅಡಿಗೆ ಸುಮಾರು 340, ಒಡೆದುಹೋಗುವುದು ಸೇರಿಸಿ 375 ತರಿಸಿ. 80 ಪೌಂಡಿನ ರೆಡಿಮಿಕ್ಸ್ ಗಾರೆ ಚೀಲ 35ರಿಂದ 40 ಇಟ್ಟಿಗೆಗೆ ಬರುತ್ತದೆ, 10 ಚೀಲ ಬೇಕು. ತೂತಿಲ್ಲದ, ತೀವ್ರ ಹವೆಗೆ ತಾಳುವ ಎಸ್‌ಡಬ್ಲ್ಯೂ ದರ್ಜೆಯ ಇಟ್ಟಿಗೆಯೇ ಆಗಬೇಕು. ಹೊಸ ಇಟ್ಟಿಗೆಗೆ ಟೈಪ್ ಎನ್ ಗಾರೆ: ಒಂದು ಪಾಲು ಸಿಮೆಂಟ್, ಒಂದು ಸುಣ್ಣ, ಆರು ಮರಳು. ಕೆಳಗೆ ಉಳಿಯುವ ಹಳೆಯ ಇಟ್ಟಿಗೆಯ ಪಾಯಿಂಟಿಂಗಿಗೆ (ಸಂದು ತುಂಬುವುದಕ್ಕೆ) ಇನ್ನೂ ಮೆದುವಾದ ಟೈಪ್ ಓ: 1, 2, 9. ಹಳೆಯ ಗಾರೆಯನ್ನು ಮುಕ್ಕಾಲು ಇಂಚಾದರೂ ಆಳ ಕೆರೆದ ಮೇಲೆಯೇ ಹೊಸದು ತುಂಬಬೇಕು.

ಕಟ್ಟುವಾಗ ಒಂದು ಚಿಕ್ಕ ಉಪಾಯ ಕೇಳಿ ಮಾಡಿಸಿ. ಗೋಣಿಚೀಲಕ್ಕೆ ಹುಲ್ಲೋ ಚಿಂದಿಯೋ ತುಂಬಿ, ಹಗ್ಗ ಕಟ್ಟಿ ಫ್ಲೂ ಒಳಗೆ ಬಿಗಿಯಾಗಿ ಕೂರಿಸಿ, ಟೈಲು ಏರಿದ ಹಾಗೆಲ್ಲ ಅದನ್ನು ಮೇಲೆಳೆಯುತ್ತಾ ಬರುವುದು. ಸಂದಿನಿಂದ ಒಳಗೆ ಉಬ್ಬಿದ ಗಾರೆಯನ್ನು ಚೀಲವೇ ಒರೆಸುತ್ತದೆ, ಉದುರಿದ್ದೂ ಅದರ ಮೇಲೇ ಬೀಳುತ್ತದೆ. ಹೊಸ ಟೈಲಿನ ಸಂದಿಗೆ ಬೆಂಕಿ ತಾಳುವ ರಿಫ್ರ್ಯಾಕ್ಟರಿ ಗಾರೆ ಬೇಕು, ಮಾಮೂಲಿ ಗಾರೆ ನಡೆಯದು. ಟೈಲಿಗೂ ಹೊರಗಿನ ಇಟ್ಟಿಗೆಗೂ ನಡುವಿನ ಜಾಗವನ್ನು ಗಾರೆಯಿಂದ ತುಂಬಲು ಬಿಡಬೇಡಿ. ಬಿಸಿಗೆ ಟೈಲು ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಹೊಸ ಇಟ್ಟಿಗೆಯನ್ನೇ ಮೂಲೆಯಿಂದ ಮೂಲೆಗೆ ಸೀಳುತ್ತದೆ.

ಚಿಮಣಿಯ ನೆತ್ತಿಯನ್ನು ಮುಚ್ಚುವ ಕ್ರೌನ್ ಗಾರೆ ಮೆತ್ತಿದ್ದಾಗಿರಬಾರದು. ಕಾಂಕ್ರೀಟಿನದೇ ಬೇಕು: ಅಂಚಿನಲ್ಲಿ ಕನಿಷ್ಠ 2 ಇಂಚು ದಪ್ಪ, ಇಟ್ಟಿಗೆಯಿಂದ ಎರಡೂವರೆ ಇಂಚು ಹೊರಚಾಚಿ, ಅಡಿಯಲ್ಲಿ ನೀರು ತೊಟ್ಟಿಕ್ಕಲು ತೋಡು, ಟೈಲಿನ ಸುತ್ತ ಸೀಲೆಂಟ್ ತುಂಬಿದ ಸಂದು. ನಿಮ್ಮ ಚಿಮಣಿ ಇಳಿಜಾರಿಗೆ ಅಡ್ಡಲಾಗಿ 30 ಇಂಚಿಗಿಂತ ಅಗಲ ಇದ್ದರೆ, ಮೇಲಿನ ಇಳಿಜಾರಿನಿಂದ ಬರುವ ನೀರನ್ನು ಎರಡೂ ಬದಿಗೆ ಸೀಳಿ ಕಳಿಸುವ ಸಣ್ಣ ಕ್ರಿಕೆಟ್ ಛಾವಣಿಯೂ ಹಿಂಬದಿಗೆ ಬೇಕು. (ಆಟಕ್ಕೂ ಇದಕ್ಕೂ ಸಂಬಂಧವಿಲ್ಲ.) ಛಾವಣಿ ಚಿಮಣಿಗೆ ಸೇರುವಲ್ಲಿ ನೀರು ತಡೆಯುವ ಫ್ಲಾಷಿಂಗ್ ತಗಡಿನ ಮೇಲಂಚನ್ನು ಗಾರೆಯ ಸಂದಿಯೊಳಗೆ ಇಂಚಿನಷ್ಟು ತೂರಿಸಬೇಕು, ಟಾರ್ ಬಳಿದು ಅಂಟಿಸಿದ್ದು ಉಳಿಯುವುದಿಲ್ಲ. ಎತ್ತರವನ್ನೂ ಆಗಲೇ ಸರಿಮಾಡಿಸಿ: ಛಾವಣಿಯಿಂದ ಹೊರಬರುವಲ್ಲಿ 3 ಅಡಿ, 10 ಅಡಿ ದೂರದೊಳಗಿರುವ ಯಾವುದಕ್ಕಿಂತಲೂ 2 ಅಡಿ ಮೇಲೆ.

ಕೆಲಸದ ಕ್ರಮ: ಮೇಲ್ಭಾಗ ಬಿಚ್ಚುವುದು, ಟೈಲು ಒಡೆಯಬೇಕಿದ್ದರೆ ಬಾಯಿ ತೆರೆದಿರುವ ಆಗಲೇ ಒಡೆಯುವುದು, ಕಟ್ಟುವುದು, ಕ್ರೌನ್, ಕೊನೆಗೆ ಲೈನರ್ ಮತ್ತು ಅದರ ಟೊಪ್ಪಿ. ಲೈನರ್ ಮೊದಲೇ ಇಳಿಸಿದರೆ ಮೇಲೆ ಕಟ್ಟುವಾಗ ಅದನ್ನು ಬಗ್ಗಿಸುತ್ತಾರೆ, ಮುಚ್ಚಳದ ತಟ್ಟೆಯನ್ನು ಎರಡು ಸಲ ಕೂರಿಸಬೇಕಾಗುತ್ತದೆ. ಗಾರೆ ಕೆಲಸ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಚಳಿಯಲ್ಲಿ ಬೇಡ. ಈಗ ಅಕ್ಟೋಬರ್ ಆಗಿದ್ದರೆ, ಬಳಕೆಯಲ್ಲಿರುವ ಫ್ಲೂವಿನ ಬಾಯಿ ಮುಚ್ಚದಂತೆ ಟಾರ್ಪಾಲಿನ್ ಕಟ್ಟಿಸಿ ವಸಂತಕ್ಕೆ ಕಾಯಿರಿ, ಹೀಟರಿನ ಫ್ಲೂವನ್ನು ಮಾತ್ರ ಮುಂದೂಡಬೇಡಿ. ನೀರು ತಡೆಯುವ ಸಿಲೇನ್ ಸಿಲಾಕ್ಸೇನ್ ಲೇಪ ಹಾಕಿಸುವುದಾದರೆ ಕಟ್ಟಿ 28 ದಿನ ಆದ ಮೇಲೆ. ಪೇಂಟು ಬೇಡವೇ ಬೇಡ.

ಹಳೆಯ ಫರ್ನೇಸಿನ ಪೈಪಿಗೋ ಚಿಮಣಿಯ ಸೇರುವೆಗೋ ಬಿಳಿ ಬಟ್ಟೆಯಂಥದ್ದು ಸುತ್ತಿದ್ದರೆ ಕೈ ಹಾಕಬೇಡಿ, ಕಲ್ನಾರು ಇರಬಹುದು. ಮೊದಲು ಪರೀಕ್ಷೆ ಮಾಡಿಸಿ. ಟೌನ್‌ಶಿಪ್ ಪರ್ಮಿಟ್ ಗುತ್ತಿಗೆದಾರನೇ ತೆಗೆಯಲಿ. ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಕ್ಯಾಮೆರಾ ಇಳಿಸಿ ತೋರಿಸಿದ ನಂತರವೇ ಕೊನೆಯ ಕಂತು ಎಂದು ಒಪ್ಪಂದದಲ್ಲೇ ಬರೆಸಿ. ಅಲ್ಲಿಯವರೆಗೆ ಬೇಸ್‌ಮೆಂಟಿನಲ್ಲಿ ಒಂದು, ಮಲಗುವ ಕೋಣೆಗಳ ಹೊರಗೆ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಇದನ್ನು ಇವತ್ತೇ ತನ್ನಿ.