ಬಳಲಿ ಬಸವಳಿಯದೆ, ವಿಶ್ರಾಂತಿ ಪಡೆದಾಗ ಅಳುಕದೆ ದಿನವನ್ನು ನಿಭಾಯಿಸುವುದು ಹೇಗೆ?

ವೈಟ್‌ಫೀಲ್ಡಿನ ಕಚೇರಿಗೆ ಹೋಗಿಬರುವುದರಲ್ಲೇ ಮೂರು ಗಂಟೆ ಕಳೆಯುವ ತಾವು, ಮನೆಗೆ ಬಂದ ಮೇಲೂ ಲ್ಯಾಪ್‌ಟಾಪ್ ತೆರೆಯದಿದ್ದರೆ ಅಪರಾಧಿ ಭಾವ ಕಾಡುತ್ತದೆ ಎಂದು ಬರೆದಿದ್ದೀರಿ. ಮೊದಲು ಆ ಪ್ರಯಾಣವನ್ನೇ ದುಡಿಮೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ, ಕೆ.ಆರ್. ಪುರದ ತೂಗುಸೇತುವೆಯ ಬಳಿ ಕ್ಲಚ್ಚು, ಬ್ರೇಕು ತುಳಿಯುತ್ತ ಕಳೆದ ಹೊತ್ತನ್ನು ಮೇಲಧಿಕಾರಿ ಎಣಿಸದಿದ್ದರೂ ದೇಹ ಎಣಿಸುತ್ತದೆ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಓಡುತ್ತಿರುವುದರಿಂದ, ಸೀಟು ಸಿಗುವುದು ದುರ್ಲಭವಾದರೂ, ರಸ್ತೆಯ ಮೇಲೆ ಕಣ್ಣಿಡುವ ಶ್ರಮವಾದರೂ ತಪ್ಪೀತು.

2019ರಲ್ಲಿ ಅಂಗೀಕಾರಗೊಂಡ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವು ಬರ್ನ್‌ಔಟನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದ ಪರಿಣಾಮವೆಂದು ವಿವರಿಸುತ್ತದೆ. ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ, ಕುಗ್ಗಿದ ದಕ್ಷತೆ ಅದರ ಮೂರು ಮುಖಗಳು. ಆದ್ದರಿಂದ ದಣಿವನ್ನು ಸೋಮಾರಿತನವೆಂದು ತಿಳಿದು ನಿಮ್ಮನ್ನು ನೀವೇ ಹಳಿದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ತಲೆ ಚುರುಕಾಗಿರುವ ಹೊತ್ತಿಗೆ ಕಷ್ಟದ ಕೆಲಸವನ್ನೂ ಊಟದ ನಂತರದ ಜೊಂಪಿಗೆ ಇಮೇಲ್‌ಗಳನ್ನೂ ಮೀಸಲಿಡಿ. ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕಾಗುವುದರಿಂದ, ಸಂಜೆ ಆರರ ಫಿಲ್ಟರ್ ಕಾಫಿ (ಬಿಡುವುದು ಕಷ್ಟವೆಂದು ಬಲ್ಲೆ) ರಾತ್ರಿ ಹನ್ನೊಂದಕ್ಕೂ ನಿದ್ದೆಗೆ ಅಡ್ಡಬರಬಹುದು. ಅಮೆರಿಕದ ತಂಡದೊಡನೆ ತಡರಾತ್ರಿಯ ಕರೆಯಿದ್ದರೆ, ಮರುದಿನ ತಡವಾಗಿ ಆರಂಭಿಸುವುದಾಗಿ ಮ್ಯಾನೇಜರರಿಗೆ ಮೊದಲೇ ತಿಳಿಸಿ, ಆ ಅವಧಿಯನ್ನು ಕ್ಯಾಲೆಂಡರಿನಲ್ಲೂ ಗುರುತಿಸಿಡಿ.